ಯಕೃತ್ತಿನ ಅರ್ಬುದವೂ ಮೂಲಕೋಶಗಳ ಗುರುತುಗಳೂ

ನಮ್ಮ ಶರೀರದ ಒಳಗಿನ ಅವಯವಗಳಲ್ಲಿ ಯಕೃತ್ತು ಅತ್ಯಂತ ದೊಡ್ಡದು. ಬಲಗಡೆಯ ಪಕ್ಕೆಲುಬುಗಳ ಮರೆಯಲ್ಲಿ ನೆಲೆಗೊಂಡಿರುವ ಇದು ಪ್ರೌಢ ಮನುಷ್ಯನಲ್ಲಿ ಸುಮಾರು ಒಂದೂವರೆ ಕಿಲೋಗ್ರಾಂ ತೂಗುತ್ತದೆ. ಉಂಡ ಅನ್ನದ ಸಾರವನ್ನು ಸಂಗ್ರಹಿಸುವುದು, ಪಿತ್ತರಸವನ್ನು ಸಿದ್ಧಪಡಿಸುವುದು, ರಕ್ತದಲ್ಲಿ ಸೇರಿದ ವಿಷಪದಾರ್ಥಗಳನ್ನು ನಿವಾರಿಸುವುದು ಇವೇ ಮೊದಲಾದ ಕಾರ್ಯಗಳನ್ನು ಇದು ಹಗಲಿರುಳೂ ನಡೆಸುತ್ತಿರುತ್ತದೆ. ಇಂತಹ ಅವಯವಕ್ಕೆ ತಗಲುವ ಅರ್ಬುದರೋಗವು, ಅಂದರೆ ಕ್ಯಾನ್ಸರು, ಗಡ್ಡೆಯನ್ನು ಕೊಯ್ದು ತೆಗೆದ ಬಳಿಕವೂ ಅನೇಕರಲ್ಲಿ ಮರಳಿ ತಲೆಯೆತ್ತುವುದೇಕೆ? ಈ ಪ್ರಶ್ನೆಗೆ ವಿಜ್ಞಾನಿಗಳು ಕಂಡುಕೊಂಡಿರುವ ಒಂದು ಉತ್ತರವನ್ನು ನಾವು ಇಲ್ಲಿ ವಿಚಾರಮಾಡೋಣ.

ಹೊಲದಲ್ಲಿ ಜೇಕು ಬೆಳೆದಿರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮೇಲಿನ ಹುಲ್ಲನ್ನು ಎಷ್ಟು ಸಲ ಕೊಯ್ದರೂ ಮಣ್ಣಿನೊಳಗೆ ಗೆಡ್ಡೆ ಉಳಿದಿದ್ದರೆ ಒಂದೇ ಮಳೆಗೆ ಅದು ಮತ್ತೆ ಚಿಗುರುತ್ತದೆ. ಅರ್ಬುದದ ಗಡ್ಡೆಯಲ್ಲಿಯೂ ಎಲ್ಲ ಜೀವಕೋಶಗಳು ಒಂದೇ ಬಗೆಯವಲ್ಲ. ಬಹುಪಾಲು ಕೋಶಗಳ ವೃದ್ಧಿಶಕ್ತಿ ಮಿತವಾದುದು. ಅಲ್ಪಸಂಖ್ಯೆಯ ಕೆಲವು ಕೋಶಗಳಾದರೋ ತಮ್ಮಂತಹವನ್ನೂ ಇತರ ಬಗೆಯವನ್ನೂ ಹುಟ್ಟಿಸುತ್ತ ಇಡೀ ಗಡ್ಡೆಯನ್ನೇ ಹೊಸದಾಗಿ ಬೆಳೆಸಬಲ್ಲವು. ಇವುಗಳಿಗೆ ಅರ್ಬುದದ ಮೂಲಕೋಶಗಳು ಅಥವಾ ಕಾಂಡಕೋಶಗಳೆಂದು ಹೆಸರು. ಔಷಧಿಗೆ ಇವು ಸುಲಭವಾಗಿ ಮಣಿಯುವುದಿಲ್ಲ. 1994ರಲ್ಲಿ ಕೆನಡಾ ದೇಶದ ಟೊರಾಂಟೊ ನಗರದಲ್ಲಿ ಜಾನ್ ಡಿಕ್ ಮತ್ತು ಅವರ ಸಹೋದ್ಯೋಗಿಗಳು ರಕ್ತದ ಕ್ಯಾನ್ಸರಿನಲ್ಲಿ ಇಂತಹ ಕೋಶಗಳಿರುವುದನ್ನು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು.

ಲಕ್ಷಾಂತರ ಕೋಶಗಳ ನಡುವೆ ಇವನ್ನು ಗುರುತಿಸುವುದು ಹೇಗೆ? ಸಿಪಾಯಿಯ ತೋಳಿನ ಪಟ್ಟಿಯಿಂದ ಅವನ ದರ್ಜೆ ತಿಳಿಯುವಂತೆ, ಕೋಶದ ಹೊರಮೈಯಲ್ಲಿರುವ ಕೆಲವು ಪ್ರೋಟೀನುಗಳಿಂದ ಅದರ ಬಗೆಯನ್ನು ಊಹಿಸಬಹುದು. 2007ರಲ್ಲಿ ಹಾಂಗ್‌ಕಾಂಗಿನ ಸಂಶೋಧಕರು ಯಕೃತ್ತಿನ ಅರ್ಬುದದಲ್ಲಿ ‘ಸಿಡಿ 133’ ಎಂಬ ಗುರುತುಳ್ಳ ಕೋಶಗಳು ಇಲಿಗಳಲ್ಲಿ ಗಡ್ಡೆಯನ್ನು ಬೆಳೆಸಬಲ್ಲವೆಂದು ವರದಿಮಾಡಿದರು. ಮುಂದಿನ ವರ್ಷಗಳಲ್ಲಿ ‘ಸಿಡಿ 90’, ‘ಎಪ್‌ಕ್ಯಾಮ್’, ‘ಸಿಡಿ 13’ ಎಂಬ ಗುರುತುಗಳೂ ಬೆಳಕಿಗೆ ಬಂದವು. ಇವುಗಳಿಗಿಂತ ಹಳೆಯದೊಂದು ಗುರುತು ರಕ್ತದಲ್ಲಿಯೇ ದೊರೆಯುತ್ತದೆ. ಗರ್ಭಸ್ಥ ಶಿಶುವಿನ ಯಕೃತ್ತು ತಯಾರಿಸುವ ಆಲ್ಫಾ-ಫೀಟೋಪ್ರೋಟೀನು ಜನನಾನಂತರ ಬಹಳ ತಗ್ಗುತ್ತದೆ. ಯಕೃತ್ತಿನ ಅರ್ಬುದವುಳ್ಳ ಅನೇಕರಲ್ಲಿ ಮತ್ತೆ ಏರುತ್ತದೆ. 1963ರಲ್ಲಿ ಸೋವಿಯತ್ ದೇಶದ ಅಬೆಲೆವ್ ಇದನ್ನು ಇಲಿಗಳಲ್ಲಿಯೂ, 1964ರಲ್ಲಿ ಟಾಟಾರಿನೋವ್ ರೋಗಿಗಳಲ್ಲಿಯೂ ಕಂಡರು.

ಈ ಗುರುತುಗಳು ಹೆಚ್ಚಾಗಿರುವ ರೋಗಿಗಳಲ್ಲಿ ಗಡ್ಡೆ ಬೇಗನೆ ಮರುಕಳಿಸುವುದೂ ಆಯುಸ್ಸು ಕಡಿಮೆಯಾಗುವುದೂ ಹೆಚ್ಚೆಂದು ಅನೇಕ ಅಧ್ಯಯನಗಳು ತಿಳಿಸುತ್ತವೆ. ಹೀಗೆ ರೋಗದ ಮುಂದಿನ ಗತಿಯನ್ನು ಅಂದಾಜುಮಾಡುವುದನ್ನು ಮುನ್ಸೂಚನೆ ಎನ್ನುತ್ತಾರೆ. ಆದರೆ ಮುನ್ಸೂಚನೆಯು ಹಣೆಬರಹವಲ್ಲ. ಒಂದು ತರಗತಿಯ ಸರಾಸರಿ ಅಂಕವನ್ನು ನೋಡಿ ಅಲ್ಲಿಯ ಒಬ್ಬ ವಿದ್ಯಾರ್ಥಿಯ ಅಂಕವನ್ನು ಹೇಳಲು ಸಾಧ್ಯವೆ? ಅಲ್ಲದೆ ಈ ಗುರುತುಗಳು ಆರೋಗ್ಯವಂತ ಕೋಶಗಳಲ್ಲಿಯೂ ಕಾಣಬರುತ್ತವೆ. ಸಾಮಾನ್ಯ ಅರ್ಬುದಕೋಶವೂ ಒಮ್ಮೊಮ್ಮೆ ಮೂಲಕೋಶದ ಗುಣವನ್ನು ತಾಳಬಹುದು. ಆದುದರಿಂದ ವೈದ್ಯರು ಗಡ್ಡೆಯ ಗಾತ್ರ ಮತ್ತು ಸಂಖ್ಯೆ, ರಕ್ತನಾಳಗಳಿಗೆ ಅದು ವ್ಯಾಪಿಸಿದೆಯೆ ಎಂಬುದು, ಉಳಿದ ಯಕೃತ್ತಿನ ಶಕ್ತಿ, ರೋಗಿಯ ದೇಹಸ್ಥಿತಿ ಇವುಗಳನ್ನೇ ಮುಖ್ಯವಾಗಿ ಪರಿಗಣಿಸುತ್ತಾರೆ. ಮನೆಯವರು ವರದಿಯಲ್ಲಿನ ಒಂದು ಹೆಸರನ್ನೋ ಅಂಕಿಯನ್ನೋ ಕಂಡು ಧೈರ್ಯಗುಂದಿ ಚಿಕಿತ್ಸೆಯನ್ನು ಕೈಬಿಡುವುದು ತರವಲ್ಲ.

ಗೆಡ್ಡೆ ಬೇರೂರಿದ ಮೇಲೆ ಕೀಳುವುದಕ್ಕಿಂತ ಅದು ಹೊಲವನ್ನು ಸೇರದಂತೆ ನೋಡಿಕೊಳ್ಳುವುದು ಲೇಸು. ಈ ರೋಗದ ಪ್ರಧಾನ ಕಾರಣಗಳಲ್ಲಿ ಹೆಪಟೈಟಿಸ್ ಬಿ ಮತ್ತು ಸಿ ವೈರಾಣುಗಳು, ಮದ್ಯಪಾನ, ಯಕೃತ್ತಿನಲ್ಲಿ ಕೊಬ್ಬು ಸೇರುವಿಕೆ, ಬೂಷ್ಟು ಹಿಡಿದ ಶೇಂಗಾ ಮತ್ತು ಮೆಕ್ಕೆಜೋಳಗಳಲ್ಲಿನ ಅಫ್ಲಾಟಾಕ್ಸಿನ್ ವಿಷ ಇವು ಸೇರಿವೆ. ಬಿ ವೈರಾಣುವಿಗೆ ಲಸಿಕೆಯಿದೆ. ಸಿ ವೈರಾಣುವಿಗೆ ಲಸಿಕೆಯಿಲ್ಲದಿದ್ದರೂ ಮಾತ್ರೆಗಳಿಂದ ಬಹುತೇಕ ರೋಗಿಗಳು ಗುಣಹೊಂದುತ್ತಾರೆ. ತೈವಾನ್ ದೇಶವು 1984ರಲ್ಲಿ ಶಿಶುಗಳಿಗೆ ಬಿ ಲಸಿಕೆಯನ್ನು ಹಾಕಿಸಲಾರಂಭಿಸಿತು. ಅಲ್ಲಿಯ ಮಕ್ಕಳಲ್ಲಿ ಯಕೃತ್ತಿನ ಅರ್ಬುದವು ಕಡಿಮೆಯಾದುದು 1997ರಲ್ಲಿ ಪ್ರಕಟವಾಯಿತು.

ನಮ್ಮ ದೇಶದಲ್ಲಿಯೂ ಈ ಲಸಿಕೆಯ ಮೊದಲ ವರಸೆಯನ್ನು ಮಗು ಹುಟ್ಟಿದ 24 ಗಂಟೆಗಳೊಳಗಾಗಿಯೂ, ಮುಂದಿನವನ್ನು 6, 10 ಮತ್ತು 14ನೆಯ ವಾರಗಳಲ್ಲಿಯೂ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ವಿದ್ಯಾರ್ಥಿಗಳೇ, ನಿಮ್ಮ ಮನೆಯ ಕೂಸಿನ ಲಸಿಕೆಯ ಚೀಟಿಯನ್ನು ತಂದೆತಾಯಿಗಳೊಡನೆ ಕುಳಿತು ಇಂದೇ ಓದಿರಿ. ಒಂದು ವರಸೆ ತಪ್ಪಿಹೋಗಿದ್ದರೆ ಆರೋಗ್ಯ ಕೇಂದ್ರಕ್ಕೆ ಹೋಗಿ ವಿಚಾರಿಸಿರಿ. ಈ ಪಾಠದಿಂದ ಅಷ್ಟಾದರೂ ನೆರವೇರಿದರೆ ನಾವು ಬರೆದುದು ಸಾರ್ಥಕವಾಗುವುದು.