ಎಲೆ ತಿರುಗಿಸಿ ನೋಡಿ: ಮನೆಯೊಳಗಿನ ಗಿಡಕ್ಕೆ ಹುಳ ಬಿದ್ದಾಗ

ಮಕ್ಕಳೇ, ಚಳಿಗಾಲ ಹತ್ತಿರ ಬಂತೆಂದರೆ ಹೊರಗಿದ್ದ ಕುಂಡಗಳೆಲ್ಲ ಮನೆಯೊಳಗೆ ಬರುತ್ತವೆ. ಕರಿಬೇವು, ತುಳಸಿ, ಮಲ್ಲಿಗೆ, ದಾಸವಾಳ ಕಿಟಕಿ ಪಕ್ಕ ಸಾಲಾಗಿ ಕೂರುತ್ತವೆ. ಜನವರಿ ಹೊತ್ತಿಗೆ ಎಲೆ ಹಳದಿಯಾಗಿ ಉದುರತೊಡಗುತ್ತದೆ. "ಪಾಪ, ಚಳಿ ತಡೀಲಿಲ್ಲ" ಅಂದುಕೊಳ್ಳುವವರೇ ಹೆಚ್ಚು. ಚಳಿಗೆ ಕರಿಬೇವು ಎಲೆ ಉದುರಿಸುವುದು ನಿಜ. ಆದರೆ ಎಷ್ಟೋ ಸಲ ಕಾರಣ ಚಳಿಯಲ್ಲ, ಎಲೆಯ ಹಿಂದೆ ಕೂತಿರುವ ಹುಳ. ವರ್ಷಗಟ್ಟಲೆ ಸಾಕಿದ ಗಿಡ ಒಂದೇ ಚಳಿಗಾಲದಲ್ಲಿ ಸಾಯಬಹುದು.

ಒಳಗೆ ಬಂದ ಮೇಲೆ ಹುಳ ಯಾಕೆ ಹೆಚ್ಚುತ್ತದೆ?

ಹೊರಗಿದ್ದಾಗಲೂ ಗಿಡದಲ್ಲಿ ಹುಳ ಇರುತ್ತದೆ. ಜೋರು ಮಳೆ ಬಂದರೆ ಅದು ತೊಳೆದುಹೋಗುತ್ತದೆ. ಉಳಿದದ್ದನ್ನು ಗುಲಗಂಜಿ ಹುಳ ತಿನ್ನುತ್ತದೆ. ನೀವು ಲೇಡಿಬಗ್ ಅನ್ನುತ್ತೀರಲ್ಲ, ಅದೇ. ಮನೆಯೊಳಗೆ ಮಳೆಯೂ ಇಲ್ಲ, ಗುಲಗಂಜಿ ಹುಳವೂ ಇಲ್ಲ. ಜೊತೆಗೆ ಹೀಟರಿನ ಬೆಚ್ಚಗಿನ ಒಣ ಗಾಳಿ. ಹಾಗಾಗಿ ಆ ಎರಡೂ ಕೆಲಸ ನಮ್ಮದೇ.

ಇಂಥ ಶತ್ರುಗಳ ಶಕ್ತಿ ಎಷ್ಟು ಗೊತ್ತೇ? 2008ರಲ್ಲಿ ದಕ್ಷಿಣ ಭಾರತದ ಪರಂಗಿ ತೋಟಗಳಲ್ಲಿ ಹೊರದೇಶದ ಒಂದು ಹಿಟ್ಟು ತಿಗಣೆ ಕಾಣಿಸಿಕೊಂಡಿತು. ಅದನ್ನು ಹತೋಟಿಯಲ್ಲಿಡುವ ಜೀವಿ ಅಲ್ಲಿರಲಿಲ್ಲ; ತೋಟಗಳು ಹಾಳಾದವು. 2010ರಲ್ಲಿ ಬೆಂಗಳೂರಿನ ಕೀಟ ವಿಜ್ಞಾನಿಗಳು ಪೋರ್ಟೊ ರಿಕೊದಿಂದ ತೀರಾ ಪುಟ್ಟ ಕಣಜಗಳನ್ನು ತರಿಸಿದರು. ಈ ಕಣಜ ತಿಗಣೆಯ ಮೈಯೊಳಗೆ ಮೊಟ್ಟೆ ಇಡುತ್ತದೆ. ಹುಟ್ಟಿದ ಮರಿ ತಿಗಣೆಯನ್ನು ಒಳಗಿಂದಲೇ ತಿನ್ನುತ್ತದೆ. ಕಣಜಗಳನ್ನು ತೋಟಕ್ಕೆ ಬಿಟ್ಟ ಮೇಲೆ ಹಾವಳಿ ಇಳಿಯಿತು.

ಮೊದಲು ಗುರುತಿಸಿ

ನನ್ನದು ಸಾಫ್ಟ್‌ವೇರ್ ಕೆಲಸ. 'ಬಗ್' ಯಾವುದು ಅಂತ ತಿಳಿಯದೆ ಕೋಡ್ ತಿದ್ದಲು ಹೋದರೆ ಇದ್ದದ್ದೂ ಕೆಡುತ್ತದೆ. ಗಿಡದ ಬಗ್‌ಗೂ ಅದೇ ನಿಯಮ. ಎಲೆ ತಿರುಗಿಸಿ, ಭೂತಗನ್ನಡಿ ಹಿಡಿದು ನೋಡಿ.

• ಎಲೆಯ ಮೇಲೆ ಸೂಜಿ ಚುಚ್ಚಿದಂಥ ಹಳದಿ ಚುಕ್ಕಿ, ಕಡ್ಡಿಗಳ ನಡುವೆ ನವಿರಾದ ಬಲೆ ಇದ್ದರೆ ಅದು ಜೇಡ ನುಸಿ. ಕೆಳಗೆ ಬಿಳಿ ಕಾಗದ ಹಿಡಿದು ಕೊಂಬೆ ತಟ್ಟಿ. ಬಿದ್ದ ಧೂಳಿನ ಕಣ ನಡೆದಾಡಿದರೆ ಖಾತ್ರಿ! ಇದಕ್ಕೆ ಎಂಟು ಕಾಲು. ಅಂದರೆ ಇದು ಕೀಟವಲ್ಲ, ಜೇಡನ ನೆಂಟ.
• ಎಲೆ ಮತ್ತು ಕಾಂಡ ಸೇರುವ ಸಂದಿಯಲ್ಲಿ ಹತ್ತಿಯಂಥ ಬಿಳಿ ಮುದ್ದೆ ಇದ್ದರೆ ಹಿಟ್ಟು ತಿಗಣೆ.
• ಕಾಂಡಕ್ಕೆ ಕಂದು ಹುರುಪೆಯಂತೆ ಅಂಟಿಕೊಂಡು, ಉಗುರಿನಿಂದ ಎಬ್ಬಿಸಿದರೆ ಕಿತ್ತುಬಂದರೆ ಶಲ್ಕ ಕೀಟ.
• ಗಿಡ ಅಲುಗಿಸಿದಾಗ ಬಿಳಿ ಪುಡಿಯಂತೆ ಹಾರಿದರೆ ಬಿಳಿ ನೊಣ.
• ಮಣ್ಣಿನ ಮೇಲೆ ಪುಟ್ಟ ಕಪ್ಪು ನೊಣ ಸುಳಿದಾಡಿದರೆ ಫಂಗಸ್ ನ್ಯಾಟ್. ನೀರು ಹೆಚ್ಚಾಗಿದೆ ಅನ್ನುವುದಕ್ಕೆ ಇದು ಗುರುತು.

ಇನ್ನೊಂದು ಸುಳಿವು: ಕುಂಡದ ಸುತ್ತ ನೆಲ ಅಂಟಂಟಾಗಿದೆಯೇ? ಹಿಟ್ಟು ತಿಗಣೆ, ಬಿಳಿ ನೊಣ ಮತ್ತು ಕೆಲವು ಶಲ್ಕ ಕೀಟಗಳು ಗಿಡದ ರಸ ಹೀರಿ ಸಿಹಿ ಅಂಟನ್ನು ಹೊರಹಾಕುತ್ತವೆ. ಜೇಡ ನುಸಿ ಹಾಗೆ ಮಾಡುವುದಿಲ್ಲ.

ಆಮೇಲೆ ಚಿಕಿತ್ಸೆ

1. ಹುಳ ಬಿದ್ದ ಗಿಡವನ್ನು ಬೇರೆ ಕೋಣೆಗೆ ಸಾಗಿಸಿ. ಹೊಸದಾಗಿ ಕೊಂಡು ತಂದ ಗಿಡವನ್ನೂ ಎರಡು ವಾರ ಬೇರೆಯೇ ಇಡಿ.

2. ನೀವೇ ಮಳೆಯಾಗಿ! ಮಣ್ಣಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಬಚ್ಚಲಿನಲ್ಲಿಟ್ಟು, ಎಲೆಯ ಹಿಂಭಾಗಕ್ಕೆ ಚೆನ್ನಾಗಿ ನೀರು ಬಿಡಿ. ನುಸಿಗೆ ಇದೇ ಮೊದಲ ಮದ್ದು.

3. ನೀವೇ ಗುಲಗಂಜಿ ಹುಳವಾಗಿ! ಶಲ್ಕ ಕೀಟವನ್ನು ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಹಿಟ್ಟು ತಿಗಣೆಗೆ ಹತ್ತಿಯ ಕಡ್ಡಿಯಿಂದ 70% ರಬ್ಬಿಂಗ್ ಆಲ್ಕೋಹಾಲ್ ಮುಟ್ಟಿಸಬೇಕು. ಈ ಕೆಲಸ ದೊಡ್ಡವರದು, ಒಲೆಯಿಂದ ದೂರ.

4. ಇನ್ನೂ ಉಳಿದರೆ ಗಿಡಗಳಿಗೆಂದೇ ಮಾರುವ ಕೀಟನಾಶಕ ಸೋಪು ಸಿಂಪಡಿಸಿ. ಕರಿಬೇವು ಸಾರಿಗೆ ಬೀಳುತ್ತದೆ, ತುಳಸಿ ಬಾಯಿಗೆ ಹೋಗುತ್ತದೆ. ಆದ್ದರಿಂದ ತಿನ್ನುವ ಗಿಡಕ್ಕೆ ಬಳಸಬಹುದು ಅಂತ ಲೇಬಲ್ಲಿನಲ್ಲಿ ಬರೆದಿದೆಯೇ ಓದಿ. ಪಾತ್ರೆ ತೊಳೆಯುವ ಡಿಟರ್ಜೆಂಟ್ ಬೇಡ, ಎಲೆ ಸುಟ್ಟಂತಾಗಬಹುದು. ಆಲ್ಕೋಹಾಲ್ ಆಗಲಿ ಸೋಪಾಗಲಿ, ಮೊದಲು ಒಂದೇ ಎಲೆಗೆ ಹಾಕಿ ಎರಡು ದಿನ ಕಾಯಿರಿ.

5. ಫಂಗಸ್ ನ್ಯಾಟ್‌ಗೆ ಸೋಪು ಬೇಕಿಲ್ಲ. ಮೇಲಿನ ಒಂದು ಇಂಚು ಮಣ್ಣು ಒಣಗುವವರೆಗೆ ನೀರು ಹಾಕಬೇಡಿ. ಹಾರುವವನ್ನು ಹಿಡಿಯಲು ಹಳದಿ ಅಂಟುಕಾಗದ ಸಿಕ್ಕಿಸಿ.

ಒಂದೇ ಸಲಕ್ಕೆ ಮುಗಿಯುವುದಿಲ್ಲ

ಸೋಪು ಮೈಗೆ ತಾಗಿದ ಹುಳವನ್ನಷ್ಟೇ ಕೊಲ್ಲುತ್ತದೆ. ಒಣಗಿದ ಮೇಲೆ ಕೆಲಸ ಮಾಡುವುದಿಲ್ಲ. ಮೊಟ್ಟೆಗಳೂ ಬಹುಪಾಲು ಉಳಿದುಬಿಡುತ್ತವೆ. ಬೆಚ್ಚಗಿನ ಮನೆಯಲ್ಲಿ ನುಸಿ ಮೊಟ್ಟೆಯಿಂದ ಹೊರಬಂದು ಬೆಳೆದು ಮತ್ತೆ ಮೊಟ್ಟೆ ಇಡಲು ಒಂದೆರಡು ವಾರ ಸಾಕು. ಅದಕ್ಕೇ ವಾರಕ್ಕೊಮ್ಮೆಯಂತೆ ನಾಲ್ಕು ವಾರ ತಪ್ಪದೆ ಮಾಡಿ. ಎರಡನೇ ವಾರ ಗಿಡ ಚೆನ್ನಾಗಿ ಕಂಡಿತು ಅಂತ ಬಿಟ್ಟರೆ ಮತ್ತೆ ಮೊದಲಿಂದ ಶುರು!

ಅಷ್ಟಾದರೂ ವಾಸಿಯಾಗದಿದ್ದರೆ ಹುಳ ಬಿದ್ದ ಕೊಂಬೆಗಳನ್ನು ಕತ್ತರಿಸಿ, ಚೀಲದಲ್ಲಿ ಕಟ್ಟಿ ಕಸಕ್ಕೆ ಹಾಕಿ. ಇಡೀ ಗಿಡವೇ ಹೋದರೆ ಬೇಜಾರಾಗುತ್ತದೆ, ನಿಜ. ಆದರೆ ಸಾಲಿನಲ್ಲಿರುವ ಉಳಿದ ಗಿಡಗಳು ಬದುಕುತ್ತವೆ.

ಮನೆಗೆಲಸ

1. ಈ ಶನಿವಾರ ಮನೆಯ ಒಂದು ಗಿಡದ ಐದು ಎಲೆ ತಿರುಗಿಸಿ ನೋಡಿ. ಕಂಡದ್ದನ್ನು ತಾರೀಖಿನ ಜೊತೆ ಕನ್ನಡದಲ್ಲಿ ಬರೆಯಿರಿ. ನಾಲ್ಕು ಶನಿವಾರ ಹೀಗೇ ಮಾಡಿ.

2. ಗಿಡಕ್ಕೆ ಹುಳ ಬಿದ್ದರೆ ಊರಲ್ಲಿ ಏನು ಮಾಡುತ್ತಿದ್ದರು ಅಂತ ಅಜ್ಜಿ-ತಾತನಿಗೆ ಫೋನ್ ಮಾಡಿ ಕೇಳಿ. ಬೂದಿಯೋ, ಬೇವಿನೆಣ್ಣೆಯೋ, ಇನ್ನೇನೋ? ಅವರು ಹೇಳಿದ ಹುಳದ ಹೆಸರನ್ನು ಮುಂದಿನ ತರಗತಿಗೆ ಬರೆದು ತನ್ನಿ.