ಗುರುವಾದ ಪುಸ್ತಕ

ಅಮೆರಿಕ ಸಂಯುಕ್ತ ಸಂಸ್ಥಾನದ ಮಿಸೌರಿ ರಾಜ್ಯದಲ್ಲಿ 1913ರಲ್ಲಿ ಜನಿಸಿದ ಮೆಲ್ ಬೇ ಅವರಿಗೆ ಹದಿಮೂರನೆಯ ವಯಸ್ಸಿನಲ್ಲಿ ಒಂದು ಗಿಟಾರ್ ದೊರೆಯಿತು. ಆರು ತಂತಿಗಳ ಆ ವಾದ್ಯವೇನೋ ಕೈಸೇರಿತು. ಕಲಿಸುವ ಗುರುವು ಸಮೀಪದಲ್ಲಿರಲಿಲ್ಲ. ಬಾಲಕನು ಎದೆಗುಂದಲಿಲ್ಲ. ಬಲ್ಲವರು ನುಡಿಸುವಾಗ ಅವರ ಬೆರಳುಗಳ ಚಲನೆಯನ್ನೇ ಎವೆಯಿಕ್ಕದೆ ನೋಡಿ, ಹಾಗೆಯೇ ನುಡಿಸಿ ಕಲಿತನು.

ಮುಂದೆ ಅವರು ಸೇಂಟ್ ಲೂಯಿಸ್ ನಗರದಲ್ಲಿ ವಾದಕರೂ ಶಿಕ್ಷಕರೂ ಆದರು. ಎರಡನೆಯ ಮಹಾಯುದ್ಧದ ತರುವಾಯ, ಗಿಟಾರ್ ಕಲಿಯಬಯಸಿದ ಸೈನಿಕರಿಗಾಗಿ ಪಾಠಗಳನ್ನು ಬರೆಯುವ ಹೊಣೆ ಅವರಿಗೆ ಬಂದಿತು. 1947ರಲ್ಲಿ ಅವರು ಸ್ವಂತ ಪ್ರಕಾಶನವನ್ನೇ ಸ್ಥಾಪಿಸಿದರು.

ಅವರ ಪಾಠಕ್ರಮದಲ್ಲಿ ವಿದ್ಯಾರ್ಥಿಯು ಮೊದಲು ಒಂದೊಂದೇ ತಂತಿಯ ಸ್ವರಗಳನ್ನು ಸ್ವರಲಿಪಿಯಲ್ಲಿ ಓದಿ ನುಡಿಸಬೇಕು. ನೋಡಿ ಕಲಿತವರೇ ಓದಿ ಕಲಿಯಿರೆಂದು ಹೇಳಿದುದೇಕೆ? ನೋಡಿ ಕಲಿತವನಿಗೆ ಕಂಡಷ್ಟೇ ದಕ್ಕುತ್ತದೆ. ಲಿಪಿ ಬಲ್ಲವನಿಗೆ ಎಂದೂ ಕೇಳದ ಹಾಡೂ ದಕ್ಕುತ್ತದೆ.

ಬೇ ಅವರು 1997ರಲ್ಲಿ ನಿಧನರಾದರು. ತಮಗೆ ದೊರೆಯದ ಗುರುವನ್ನು ಅವರು ಇತರರಿಗೆ ಪುಸ್ತಕರೂಪದಲ್ಲಿ ಒದಗಿಸಿದರು. ಆದರೆ ಪುಸ್ತಕವು ದಾರಿಯನ್ನು ಮಾತ್ರ ತೋರಬಲ್ಲದು, ನಡೆಯಬೇಕಾದವನು ವಿದ್ಯಾರ್ಥಿಯೇ. ಹಾಡುತ್ತ ಹಾಡುತ್ತ ರಾಗವೆಂಬ ನಮ್ಮ ಗಾದೆ ತಂತಿವಾದ್ಯಕ್ಕೂ ಸಲ್ಲುತ್ತದೆ.