ನೋಟದೊಳಗಿನ ಮನುಷ್ಯ: ಪ್ರವಾಸದ ಛಾಯಾಚಿತ್ರ ಮತ್ತು ಅದರ ಅಡಿಬರಹ

ಶೈಕ್ಷಣಿಕ ಪ್ರವಾಸದಿಂದ ಮರಳಿದ ಮಕ್ಕಳ ಬಳಿ ಇಂದು ಪ್ರವಾಸಕಥನಕ್ಕಿಂತ ಮೊದಲು ಛಾಯಾಚಿತ್ರಗಳು ಸಿದ್ಧವಾಗಿರುತ್ತವೆ. ಅವನ್ನು ಭಾಷಾಪಾಠದ ಸಾಮಗ್ರಿಯಾಗಿ ಬಳಸಿಕೊಳ್ಳುವುದು ಈ ಪಾಠದ ಉದ್ದೇಶ. ಪ್ರೌಢಶಾಲಾ ತರಗತಿಗಳಿಗೆ ಇದು ಹೊಂದುತ್ತದೆ. ಕಾಸರಗೋಡು ಜಿಲ್ಲೆಯ ಬೇಕಲ ಕೋಟೆಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಇತರ ಪ್ರದೇಶಗಳ ಅಧ್ಯಾಪಕರು ತಮ್ಮ ಸಮೀಪದ ಬೆಟ್ಟವನ್ನೋ ಕೆರೆಯನ್ನೋ ಆರಿಸಿಕೊಳ್ಳಬಹುದು.

ಬೇಕಲ ಕೋಟೆಯು ಹದಿನೇಳನೆಯ ಶತಮಾನದ ನಡುಭಾಗದಲ್ಲಿ ಕೆಳದಿಯ ಶಿವಪ್ಪ ನಾಯಕನ ಕಾಲದಲ್ಲಿ ಕಟ್ಟಲ್ಪಟ್ಟಿತೆಂದು ಹೇಳುತ್ತಾರೆ. ಕೆಂಗಲ್ಲಿನ ಗೋಡೆ, ಅದರ ಕೆಳಗೆ ಮರಳದಂಡೆ, ಅದರಾಚೆಗೆ ಪಡುವಣ ಕಡಲು: ಬಂದವರೆಲ್ಲ ತೆಗೆಯುವ ಚಿತ್ರ ಇದೇ. ಸಂಜೆ ಕಡಲಿಗೆ ಬೆನ್ನು ಹಾಕಿ ನಿಂತವನ ಮುಖ ಚಿತ್ರದಲ್ಲಿ ಕಪ್ಪಾಗುತ್ತದೆ. ಸೂರ್ಯನು ಅವನ ಬೆನ್ನ ಹಿಂದಿರುವುದರಿಂದ ಕ್ಯಾಮರಾ ಆಕಾಶದ ಬೆಳಕನ್ನೇ ಅಳೆದು ಮುಖವನ್ನು ಕತ್ತಲೆಗೆ ಬಿಡುತ್ತದೆ. ಮೊಬೈಲಿನ ಪರದೆಯಲ್ಲಿ ಮುಖವಿರುವ ಕಡೆ ಬೆರಳಿಟ್ಟರೆ ಮುಖ ಬೆಳಗುತ್ತದೆ, ಆದರೆ ಆಕಾಶ ಬಿಳುಚಿಕೊಳ್ಳುತ್ತದೆ. ಅದೇ ಜಾಗದಲ್ಲಿ ಬೆಳಿಗ್ಗೆ ತೆಗೆದ ಚಿತ್ರದಲ್ಲಿ ಬಿಸಿಲು ಮೂಡಣದ ನೆಲದ ಕಡೆಯಿಂದ ಮುಖದ ಮೇಲೆ ಬೀಳುತ್ತದೆ. ಮುಖವೂ ಕಡಲೂ ಎರಡೂ ಕಾಣುತ್ತವೆ. ನಡುಹಗಲಲ್ಲಿ ಹುಬ್ಬಿನ ನೆರಳು ಕಣ್ಣನ್ನು ಮುಚ್ಚುವುದರಿಂದ ಗೋಡೆಯ ನೆರಳೇ ಮೇಲು. ಕಡಲು ಮತ್ತು ಆಕಾಶ ಕೂಡುವ ಗೆರೆ ಕತ್ತನ್ನು ಸೀಳಿ ಹೋಗದಂತೆ ಕ್ಯಾಮರಾವನ್ನು ತುಸು ಮೇಲಕ್ಕೋ ಕೆಳಕ್ಕೋ ಸರಿಸಬೇಕು. ಉಳಿದ ತಾಂತ್ರಿಕ ಸಂಗತಿಗಳನ್ನು ಮಕ್ಕಳು ಅಧ್ಯಾಪಕರಿಗಿಂತ ಬೇಗ ಕಲಿಯುತ್ತಾರೆ.

ವಿಸ್ತಾರವಾದ ನೋಟದಲ್ಲಿ ಮನುಷ್ಯನಿಗೆ ಎರಡು ಬಗೆಯ ಸ್ಥಾನವಿದೆ. ದೂರದಲ್ಲಿ ಪುಟ್ಟದಾಗಿ ನಿಂತಾಗ ಅವನು ಅಳತೆಗೋಲು. ಗೋಡೆ ಎಷ್ಟು ಎತ್ತರವೆಂಬುದು ಅವನಿಂದ ತಿಳಿಯುತ್ತದೆ. ಹತ್ತಿರದಲ್ಲಿ, ಕೈಗಳು ಕಾಣುವಂತೆ ನಿಂತಾಗ ಅವನೇ ಚಿತ್ರದ ವಿಷಯ, ಕೋಟೆ ಅವನ ಹಿನ್ನೆಲೆ. ಮೊದಲನೆಯದು ತಪ್ಪಲ್ಲ. ಆದರೆ ಆ ಊರಿನಲ್ಲಿ ದುಡಿದು ಬದುಕುವವರನ್ನು ಯಾವಾಗಲೂ ಅಳತೆಗೋಲಾಗಿಯೇ ಕಾಣುವುದು ಪ್ರವಾಸಿಗನ ಹಳೆಯ ಚಾಳಿ.

ಅದಕ್ಕೆ ಇತಿಹಾಸವೂ ಉಂಟು. ಬ್ರಿಟಿಷ್ ಆಡಳಿತವು 1868ರಿಂದ 1875ರ ವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ 'ದಿ ಪೀಪಲ್ ಆಫ್ ಇಂಡಿಯಾ' ಎಂಬ ಛಾಯಾಚಿತ್ರ ಸಂಗ್ರಹದಲ್ಲಿ ಹೆಚ್ಚಿನ ಚಿತ್ರಗಳ ಕೆಳಗಿರುವುದು ಜಾತಿಯ ಅಥವಾ ಬುಡಕಟ್ಟಿನ ಹೆಸರು, ವ್ಯಕ್ತಿಯದಲ್ಲ. ನೀಲಗಿರಿಯ ತೋಡರೂ ಅವರ ಕಮಾನಿನಾಕಾರದ ಗುಡಿಸಲುಗಳೂ ಹೀಗೆಯೇ ಹುಲ್ಲುಗಾವಲಿನ ಅಲಂಕಾರವಾಗಿ ಅಸಂಖ್ಯ ಚಿತ್ರಗಳಲ್ಲಿ ಉಳಿದುಹೋದರು. 1906ರಲ್ಲಿ ಪ್ರಕಟವಾದ ಡಬ್ಲ್ಯೂ.ಎಚ್.ಆರ್. ರಿವರ್ಸ್ ಅವರ ಗ್ರಂಥವು ತೋಡ ಕುಟುಂಬಗಳ ವಂಶಾವಳಿಗಳನ್ನು ಹೆಸರು ಹೆಸರಾಗಿ ದಾಖಲಿಸಿತು. ಅದೂ ಹೊರಗಿನವರ ನೋಟವೇ. ಆದರೂ ಹೆಸರು ಕೇಳುವ ಶ್ರಮ ಅದರಲ್ಲಿತ್ತು.

ಆದುದರಿಂದ ಕೇಳುವುದೇ ಪಾಠದ ಮೊದಲ ಚಟುವಟಿಕೆ. ಬೇಕಲದ ದಂಡೆಯಲ್ಲಿ ಬಲೆ ಮಡಚುತ್ತಿರುವವರ ಬಳಿಗೆ ಹೋದ ವಿದ್ಯಾರ್ಥಿಯು ಕ್ಯಾಮರಾವನ್ನು ಕೆಳಗಿಳಿಸಿಕೊಂಡು, 'ಒಂದು ಫೋಟೊ ತೆಗೆಯಬಹುದೇ' ಎಂದು ಅವರ ಭಾಷೆಯಲ್ಲಿ ಕೇಳಬೇಕು. ಅಲ್ಲಿ ಅದು ಬಹುಮಟ್ಟಿಗೆ ಮಲಯಾಳವೇ ಆಗಿರುತ್ತದೆ. ಬೇಡವೆಂದರೆ ಅಲ್ಲಿಗೆ ಮುಗಿಯಿತು. ದೂರ ಹೋಗಿ ಕದ್ದು ತೆಗೆಯಬಾರದು. ಮಕ್ಕಳ ಚಿತ್ರವಾದರೆ ಹಿರಿಯರ ಒಪ್ಪಿಗೆ ಬೇಕು. ಒಪ್ಪಿದವರೊಡನೆ ಆಡುವ ನಾಲ್ಕು ಮಾತಿನಲ್ಲಿಯೇ ಭಾಷಾಪಾಠ ಮೊಳೆಯುತ್ತದೆ. ಅವರು ವೀಶುವಲ ಎಂದುದು ಕನ್ನಡದ ಬೀಸುಬಲೆ. ಚೆಂಕಲ್ಲು ಎಂದುದು ಕೆಂಗಲ್ಲು. ಮಲಯಾಳದ ವಕಾರಕ್ಕೆ ಕನ್ನಡದ ಬಕಾರವೂ ಚಕಾರಕ್ಕೆ ಕಕಾರವೂ ಹೊಂದಿ ಬರುವುದನ್ನು ಮಕ್ಕಳು ತಾವೇ ಕಂಡುಕೊಳ್ಳಲಿ. ಎರಡು ಭಾಷೆಗಳ ನಡುವೆ ಬೆಳೆಯುವ ಮಕ್ಕಳಿಗೆ ಇದು ಹೊರೆಯಲ್ಲ, ಸಂಪತ್ತು.

ಎರಡನೆಯ ಚಟುವಟಿಕೆ ಅಡಿಬರಹ. 'ಬೇಕಲದ ಮನೋಹರ ದೃಶ್ಯ' ಎಂಬುದು ಏನನ್ನೂ ಹೇಳುವುದಿಲ್ಲ. ಅದನ್ನು ಯಾವ ಕಡಲತೀರದ ಚಿತ್ರಕ್ಕಾದರೂ ಹೆಸರು ಬದಲಿಸಿ ಅಂಟಿಸಬಹುದು. 'ಬೇಕಲ ಕೋಟೆಯ ಕೆಳಗಿನ ದಂಡೆಯಲ್ಲಿ, ಬೆಳಗಿನ ಎಂಟು ಗಂಟೆಗೆ, ಬೀಸುಬಲೆಯನ್ನು ಮಡಚುತ್ತಿರುವ ಮೀನುಗಾರ' ಎಂದಾಗ ಸ್ಥಳ, ಕಾಲ, ಕೆಲಸ ಮೂರೂ ಬಂದವು. ಅವರು ಒಪ್ಪಿದರೆ ಹೆಸರೂ ಸೇರಲಿ.

ಇಲ್ಲಿ ಕೃದಂತಗಳನ್ನು ಕಲಿಸಲು ಒಳ್ಳೆಯ ಅವಕಾಶವಿದೆ. ಮೀನು ಹಿಡಿದ, ಹಿಡಿಯುತ್ತಿರುವ, ಹಿಡಿಯುವ, ಹಿಡಿಯದ: ಈ ನಾಲ್ಕರಲ್ಲಿ ಯಾವುದನ್ನು ಬರೆದರೂ ವಾಕ್ಯ ಸರಿಯೇ, ಆದರೆ ಚಿತ್ರಕ್ಕೆ ಹೊಂದುವುದು ಒಂದೇ. ಚಿತ್ರದಲ್ಲಿ ಬುಟ್ಟಿ ಕಾಣದಿದ್ದರೆ 'ಮೀನು ಹಿಡಿದ' ಎಂಬುದಕ್ಕೆ ಆಧಾರವೇನು? ಅಂದು ಬಲೆಗೆ ಏನೂ ಬೀಳದೆ ಅವರು ಬರಿಗೈಯಲ್ಲಿ ಮರಳುತ್ತಿದ್ದಿರಬಹುದು. ಕಂಡದ್ದು ಎಷ್ಟು, ಕೇಳಿ ತಿಳಿದದ್ದು ಎಷ್ಟು, ಊಹಿಸಿದ್ದು ಎಷ್ಟು ಎಂದು ಪ್ರತಿಯೊಂದು ಅಡಿಬರಹದಲ್ಲಿಯೂ ಮಕ್ಕಳಿಂದ ಗೆರೆ ಎಳೆಸಬೇಕು. ಊಹೆಯ ಭಾಗವನ್ನು ಹೊಡೆದುಹಾಕಿದ ಮೇಲೆ ಉಳಿದುದನ್ನು ಗೋಡೆಪತ್ರಿಕೆಗೆ ಅಂಟಿಸಲಿ.

ಚಿತ್ರದ ಒಂದು ಮುದ್ರಿತ ಪ್ರತಿಯನ್ನು ಅದರಲ್ಲಿರುವವರಿಗೆ ತಲುಪಿಸಲು ಸಾಧ್ಯವಾದರೆ, ಜೊತೆಗೆ ಕಳುಹಿಸುವ ಎರಡು ಸಾಲಿನ ಕಾಗದವನ್ನು ಮಕ್ಕಳೇ ಬರೆಯಲಿ. ಅದು ಯಾವ ಭಾಷೆಯಲ್ಲಿರಬೇಕೆಂಬುದನ್ನೂ ಅವರೇ ಚರ್ಚಿಸಿ ತೀರ್ಮಾನಿಸಲಿ.